ಚಲಚ್ಚಿತ್ರವನ್ನು ಓದುವ ವಿದ್ಯೆ

ಗ್ರಂಥಾಲಯವೆಂದರೆ ಗ್ರಂಥಗಳ ಆಲಯ. ಅಲ್ಲಿ ಚಲಚ್ಚಿತ್ರಕ್ಕೇನು ಕೆಲಸವೆಂದು ಕೇಳುವವರು ಈಗಲೂ ಉಂಟು. ಅವರ ಆಕ್ಷೇಪಣೆಯು ಹುರುಳಿಲ್ಲದುದಲ್ಲ. ರಜೆಯ ದಿನ ವಾಚನಾಲಯದ ಗೋಡೆಗೊಂದು ತೆರೆಯನ್ನು ಕಟ್ಟಿ, ಮಕ್ಕಳಿಗೆ ಯಾವುದೋ ಒಂದು ಚಿತ್ರವನ್ನು ತೋರಿಸಿ, ಕಡೆಯಲ್ಲಿ ನೀತಿಯ ಎರಡು ಮಾತುಗಳನ್ನಾಡಿ ಕಳುಹಿಸುವುದೇ ಚಿತ್ರಶಿಕ್ಷಣವೆನ್ನುವುದಾದರೆ, ಆ ಕೆಲಸವನ್ನು ಚಿತ್ರಮಂದಿರದವರಿಗೇ ಬಿಡುವುದು ಲೇಸು. ಆದರೆ ಚಿತ್ರವನ್ನು ನೋಡುವುದು ಬೇರೆ, ಓದುವುದು ಬೇರೆ. ನೋಡುವುದಕ್ಕೆ ಕಣ್ಣು ಸಾಕು. ಓದುವುದಕ್ಕೆ ನಿಲ್ಲುವ, ಹಿಂದಿರುಗುವ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸುವ ಅವಕಾಶ ಬೇಕು. ಚಿತ್ರಮಂದಿರವು ಈ ಅವಕಾಶವನ್ನು ಕೊಡಲಾರದು. ಗ್ರಂಥಾಲಯದ ಮೇಜಾದರೋ ಇರುವುದೇ ಅದಕ್ಕಾಗಿ.

ಈ ಓದಿನ ಮೊದಲ ಪಾಠವನ್ನು ರಷ್ಯಾದೇಶದ ಲೆವ್ ಕುಲೆಷೋವನಿಂದ ಕಲಿಯಬಹುದು. 1920ರ ಸುಮಾರಿನಲ್ಲಿ ಅವನು ಒಬ್ಬ ನಟನ ನಿರ್ವಿಕಾರವಾದ ಮುಖದ ಒಂದೇ ಚಿತ್ರವನ್ನು ಒಮ್ಮೆ ಗಂಜಿಯಂತಹ ಸಾರಿನ ಬಟ್ಟಲೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿ ತೋರಿಸಿದನೆಂದೂ, ಪ್ರೇಕ್ಷಕರು ಅದೇ ಮುಖದಲ್ಲಿ ಹಸಿವನ್ನೂ ಶೋಕವನ್ನೂ ಕಂಡು ನಟನನ್ನು ಕೊಂಡಾಡಿದರೆಂದೂ ಹೇಳುವರು. ಮುಖವು ಬದಲಾಗಲಿಲ್ಲ; ನೆರೆಯು ಬದಲಾಯಿತು. ಧ್ವನಿತತ್ತ್ವವನ್ನು ಬಲ್ಲ ಕನ್ನಡ ವಾಚಕರಿಗೆ ಇದು ಅಪರಿಚಿತವೆನಿಸದು: ಅರ್ಥವು ಪದದಲ್ಲಿ ಮಾತ್ರವಲ್ಲದೆ ಸಂದರ್ಭದಲ್ಲಿಯೂ ಇರುವುದೆಂಬುದನ್ನು ಅವರು ಕಾವ್ಯದಲ್ಲಿ ಅರಿತವರೇ. ಇಂದು ಒಂದೂರಿನ ಹಳೆಯ ಗಲಭೆಯ ದೃಶ್ಯಕ್ಕೆ ಇನ್ನೊಂದೂರಿನ ಹೆಸರನ್ನಂಟಿಸಿ ವಾಟ್ಸಾಪಿನಲ್ಲಿ ಹರಿಯಬಿಡುವವನು ಕುಲೆಷೋವನ ಹೆಸರನ್ನು ಕೇಳಿರಲಾರನು. ಅವನ ವಿದ್ಯೆಯನ್ನು ಮಾತ್ರ ಚೆನ್ನಾಗಿ ಬಲ್ಲನು. ಅದನ್ನು ಅರಿಯದವರು ನೋಡುವವರೇ.

ಇಂತಹ ಶಿಕ್ಷಣವು ಪಟ್ಟಣದ ಪಂಡಿತರಿಗೆ ಮಾತ್ರ ಸಲ್ಲತಕ್ಕದ್ದೆಂಬ ಶಂಕೆಗೆ ಸಾಗರದ ಬಳಿಯ ಹೆಗ್ಗೋಡು ಉತ್ತರವನ್ನಿತ್ತಿದೆ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು 1973ರಲ್ಲಿ ಚಿತ್ರಸಮಾಜವೊಂದನ್ನು ಆರಂಭಿಸಿತು. ಕೆ. ವಿ. ಸುಬ್ಬಣ್ಣನವರ ಆಹ್ವಾನದಂತೆ, ಪುಣೆಯ ಚಲಚ್ಚಿತ್ರ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಸತೀಶ್ ಬಹಾದೂರರು ಅಡಕೆಯ ತೋಟಗಳ ನಡುವಣ ಆ ಹಳ್ಳಿಯಲ್ಲಿ ಚಿತ್ರರಸಗ್ರಹಣದ ಪಾಠವನ್ನು ಹೇಳಿದರು. ಬಂಗಾಳಿಯನ್ನರಿಯದ ಕೃಷಿಕರು ಸತ್ಯಜಿತ್ ರಾಯರ 1955ರ ‘ಪಥೇರ್ ಪಾಂಚಾಲಿ’ಯನ್ನು ನೋಡಿ ಚರ್ಚಿಸಿದರು. ಸುಬ್ಬಣ್ಣನವರು ಅಕ್ಷರ ಪ್ರಕಾಶನದ ಮೂಲಕ ಗ್ರಂಥಗಳನ್ನೂ ಹೊರತರುತ್ತಿದ್ದರೆಂಬುದು ಆಕಸ್ಮಿಕವಲ್ಲ. ಗ್ರಂಥವೂ ಚಿತ್ರವೂ ಅವರಿಗೆ ಒಂದೇ ಸಂಸಾರದ ಮಕ್ಕಳು. ಆದರೆ ಆ ದಿನಗಳಲ್ಲಿ ಚಿತ್ರದ ಸುರುಳಿಗಳು ಎರವಲಾಗಿ ಬಂದು ಹೋಗತಕ್ಕವು. ಶಿಬಿರವು ಮುಗಿದೊಡನೆ ಪಾಠ್ಯವೇ ಊರು ಬಿಡುತ್ತಿದ್ದಿತು. ಆ ಕೊರತೆಯನ್ನು ತುಂಬುವ ಶಕ್ತಿ ಇಂದಿನ ಜಿಲ್ಲಾ ಗ್ರಂಥಾಲಯಗಳಿಗೆ ಇದೆ.

ಪಾಠಕ್ಕೆ ತಕ್ಕ ಕೃತಿಯೊಂದನ್ನು ಹೆಸರಿಸುವುದಾದರೆ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕಿಂತ (1977) ಮೇಲಾದುದು ದೊರೆಯುವುದು ಕಷ್ಟ. ಯು. ಆರ್. ಅನಂತಮೂರ್ತಿಯವರ ಕಥೆಯು ಗ್ರಂಥಾಲಯದ ಕಪಾಟಿನಲ್ಲಿಯೇ ಇರುವುದು. ವೇದಪಾಠಶಾಲೆಗೆ ಬಂದ ಎಳೆಯ ಬಾಲಕನು, ಗುರುಗಳ ವಿಧವೆ ಮಗಳು ಯಮುನಕ್ಕನ ಗರ್ಭವನ್ನೂ, ಬದುಕಿರುವಾಗಲೇ ಆಕೆಗೆ ನಡೆಯುವ ಶ್ರಾದ್ಧವನ್ನೂ ಕಾಣುವನು. ಕಥೆಯನ್ನು ಓದುವವನು ಬಾಲಕನ ಕಣ್ಣಿನಿಂದ ನೋಡುವನು. ಆ ಬಾಲಕನ ಮುಖವು ಅವನಿಗೆ ಎದುರಾಗದು. ಚಿತ್ರದಲ್ಲಾದರೋ ನೋಡುವ ಕಣ್ಣೂ ನೋಡಲ್ಪಡುವ ಮುಖವೂ ಅವನದೇ. ಎಸ್. ರಾಮಚಂದ್ರರ ಛಾಯಾಗ್ರಹಣವು ಕಪ್ಪು ಬಿಳುಪಿನದು. ಹುಡುಗನ ಮುಖದ ಬಳಿಕ ಯಮುನಕ್ಕನನ್ನು ತೋರಿಸಿದಾಗ ಅವನಿಗೆ ಅರ್ಥವಾದುದು ಎಷ್ಟು, ಅರ್ಥವಾಯಿತೆಂದು ಪ್ರೇಕ್ಷಕನು ಆರೋಪಿಸಿದುದು ಎಷ್ಟು? ಚಿತ್ರವನ್ನು ಅಲ್ಲಿ ನಿಲ್ಲಿಸಿ, ಕಥೆಯ ಪುಟವನ್ನು ತೆರೆದು, ಮತ್ತೆ ನೋಡಿದ ಹೊರತು ಇದಕ್ಕೆ ಉತ್ತರವಿಲ್ಲ. ಕಡೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಕುಳಿತ ಯಮುನಕ್ಕನನ್ನು ಬಿಟ್ಟು ಬಾಲಕನು ತಂದೆಯೊಡನೆ ಹೋಗುವನು. “ಪಾಪ!” ಎಂದು ನಿಟ್ಟುಸಿರುಬಿಟ್ಟು ಏಳುವವನು ಚಿತ್ರವನ್ನು ನೋಡಿದವನು. ಆ ಕರುಣೆಯು ತನ್ನಲ್ಲಿ ಹೇಗೆ ಹುಟ್ಟಿಸಲ್ಪಟ್ಟಿತೆಂದು ಕೇಳಿಕೊಳ್ಳುವವನು ಓದಿದವನು. ಹಾಗೆ ಕೇಳಿಕೊಂಡರೆ ರಸಭಂಗವಾಗುವುದೆಂಬ ಭಯಕ್ಕೆ ಕಾರಣವಿಲ್ಲ, ಛಂದಸ್ಸನ್ನು ಬಲ್ಲವನಿಗೆ ಷಟ್ಪದಿಯು ಕಹಿಯಾದುದನ್ನು ಯಾರೂ ಕೇಳಿಲ್ಲ.

ಈ ಚಿತ್ರವು ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಆ ಭಾಗ್ಯವಿಲ್ಲ, ಅದರ ಪ್ರತಿಯೇ ಉಳಿದಿಲ್ಲ. ಹಸ್ತಪ್ರತಿಗಳಿಗಾಗಿ ಊರೂರು ಅಲೆದ ವಿದ್ವಾಂಸರ ನಾಡಿನಲ್ಲಿ ಹೀಗಾದುದು ವಿಷಾದದ ಸಂಗತಿ.

ಕಾನೂನಿನ ತೊಡಕೊಂದಿದೆ. 1957ರ ಕೃತಿಸ್ವಾಮ್ಯದ ಕಾಯಿದೆಯು ಶಿಕ್ಷಣಸಂಸ್ಥೆಗಳಲ್ಲಿ, ವಿದ್ಯಾರ್ಥಿಗಳು, ಅಧ್ಯಾಪಕರು, ಪೋಷಕರು ಮೊದಲಾದ ಸಂಬಂಧಪಟ್ಟವರು ಮಾತ್ರ ಸೇರಿದ ಪ್ರದರ್ಶನಕ್ಕೆ ವಿನಾಯಿತಿಯನ್ನು ಕೊಟ್ಟಿದೆ. ಎಲ್ಲರಿಗೂ ಬಾಗಿಲು ತೆರೆದ ಗ್ರಂಥಾಲಯವು ಆ ವಿನಾಯಿತಿಯನ್ನೇ ನೆಚ್ಚುವಂತಿಲ್ಲ. ಸ್ವಾಮ್ಯವುಳ್ಳವರ ಅನುಮತಿಯನ್ನು ಪಡೆಯಬೇಕು. 1965ರ ಗ್ರಂಥಾಲಯ ಕಾಯಿದೆಯಂತೆ ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿರುವ ಗೃಹಸ್ಥರು, ತಮ್ಮ ಊರಿನ ಗ್ರಂಥಪಾಲಕರು ಅಂತಹ ಅನುಮತಿಗೆ ಎಂದಾದರೂ ಬರೆದಿರುವರೇ ಎಂದು ವಿಚಾರಿಸಬಹುದು.