ಬೌರಲ್‌ನಲ್ಲಿ ಚಂದ್ರ

ಬ್ರಾಡ್ಮನ್ ಬ್ಯಾಟ್ ಹಿಡಿಯುತ್ತಿದ್ದ ರೀತಿಯ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಬರೆಯುತ್ತೇನೆ. ಆದರೆ ಅದು ಅರ್ಧ ಅಂಕಣಕ್ಕಷ್ಟೇ ಸಾಲುತ್ತದೆ. ಮಿಕ್ಕ ಅರ್ಧವನ್ನು ಇಬ್ಬರು ಬೌಲರ್‌ಗಳು ಕಿತ್ತುಕೊಂಡಿದ್ದಾರೆ.

ಸಿಡ್ನಿಯಿಂದ ಕ್ಯಾನ್‌ಬೆರಾಕ್ಕೆ ಹೋಗುವ ಹ್ಯೂಮ್ ಹೆದ್ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಬೌರಲ್ ಸಿಗುತ್ತದೆ. ಸೆಪ್ಟೆಂಬರ್ ಬಂತೆಂದರೆ ಆ ಊರಲ್ಲಿ ಟುಲಿಪ್ ಹಬ್ಬ. ಮಗನ ಕಾರಿನಲ್ಲಿ ಹೊರಟ ನಮ್ಮಲ್ಲಿ ಹೂವಿನ ಪಕ್ಷಕ್ಕೆ ಬಲ ಹೆಚ್ಚು. ಮ್ಯೂಸಿಯಂ ಪಕ್ಷದಲ್ಲಿ ನಾನೊಬ್ಬನೇ. “ವಾರವೆಲ್ಲ ಅದನ್ನೇ ಬರೀತೀರಿ, ಇಲ್ಲಿಗೆ ಬಂದರೂ ಅದೇನಾ?” ಎಂದಳು ನನ್ನಾಕೆ. ಮೊಮ್ಮಗನದು ಫೋನ್ ಪಕ್ಷ. ಕೊನೆಗೆ ಅತ್ತೆ ಸೊಸೆ ಹೂದೋಟಕ್ಕೆ, ನಾವು ಮೂವರು ಗಂಡಸರು ಸೇಂಟ್ ಜೂಡ್ ಸ್ಟ್ರೀಟಿಗೆ ಎಂದು ರಾಜಿಯಾಯಿತು.

ಅಲ್ಲಿ ಬ್ರಾಡ್ಮನ್ ಓವಲ್ ಇದೆ. ಅದರ ಅಂಚಿಗೇ ಮ್ಯೂಸಿಯಂ. 1989ರಲ್ಲಿ ಬಾಗಿಲು ತೆರೆದದ್ದು. 2010ರಿಂದ ಅದಕ್ಕೆ ಅಂತರರಾಷ್ಟ್ರೀಯ ಕ್ರಿಕೆಟ್ ಹಾಲ್ ಆಫ್ ಫೇಮ್ ಎಂಬ ದೊಡ್ಡ ಬಾಲವೂ ಅಂಟಿಕೊಂಡಿದೆ. ಇಂಥ ಬಾಲಗಳ ಬಗ್ಗೆ ನನ್ನ ಅಭಿಪ್ರಾಯ ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಪರದೆ ಮುಟ್ಟಿದರೆ ಆಟಗಾರ ಮಾತಾಡುತ್ತಾನೆ, ಮಕ್ಕಳು ಮುಟ್ಟಿ ಮುಟ್ಟಿ ಮುಂದೆ ಓಡುತ್ತಾರೆ. ಅದಕ್ಕಿಂತ ಹೊರಗಿನ ಮೈದಾನವೇ ವಾಸಿ. 2001ರಲ್ಲಿ ತೀರಿಕೊಂಡ ಬ್ರಾಡ್ಮನ್‌ನ ಚಿತಾಭಸ್ಮ ಬೆರೆತದ್ದೂ ಈ ಊರಿನ ಮಣ್ಣಿಗೇ.

ಅವನು ಎರಡೂವರೆ ವರ್ಷದವನಿದ್ದಾಗ ಕುಟುಂಬ ಕೂಟಮಂಡ್ರದಿಂದ ಇಲ್ಲಿಗೆ ಬಂತು. ಶೆಫರ್ಡ್ ಸ್ಟ್ರೀಟಿನ ಮನೆ ಇಲ್ಲಿಂದ ನಡೆದು ಹೋಗುವಷ್ಟೇ ದೂರ. ಆ ಮನೆಯ ಹಿತ್ತಲಲ್ಲಿ ನೀರಿನ ಟ್ಯಾಂಕು, ಟ್ಯಾಂಕಿಗೆ ದುಂಡನೆಯ ಇಟ್ಟಿಗೆ ಕಟ್ಟೆ. ಹುಡುಗ ಗಾಲ್ಫ್ ಚೆಂಡನ್ನು ಕಟ್ಟೆಗೆ ಎಸೆದು, ಅದು ಎತ್ತೆತ್ತಲೋ ಪುಟಿದು ಬರುವಾಗ ಒಂದು ಸ್ಟಂಪಿನಲ್ಲಿ ಹೊಡೆಯುತ್ತಿದ್ದ. ದೊಡ್ಡವನಾದ ಮೇಲೆ ಕ್ಯಾಮೆರಾದ ಮುಂದೆಯೂ ಇದನ್ನು ಮಾಡಿ ತೋರಿಸಿದ. ಆ ಹಳೆಯ ಸುದ್ದಿಚಿತ್ರವನ್ನು ಮೊಮ್ಮಗ ಫೋನಿನಲ್ಲಿ ಹುಡುಕಿ ತೆಗೆದ. ನೋಡಿದವನು, “ತಾತ, ಇದು ಫಾಸ್ಟ್ ಫಾರ್ವರ್ಡಾ?” ಎಂದ. ಅಲ್ಲಪ್ಪ, ಅವನ ಕಾಲೇ ಹಾಗೆ.

ಈಗ ಹಿಡಿತದ ಮಾತು. ಬ್ರಾಡ್ಮನ್ 1958ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಕ್ರಿಕೆಟ್’ ನನ್ನ ಮೇಜಿನಿಂದ ಕಪಾಟಿಗೆ ಹೋದದ್ದೇ ಇಲ್ಲ. ಅದರಲ್ಲಿ ತನ್ನ ಹಿಡಿತದ ಬಗ್ಗೆ ಅವನು ಒಬ್ಬ ಗುಮಾಸ್ತನಷ್ಟು ನಿರುದ್ವೇಗದಿಂದ ಬರೆಯುತ್ತಾನೆ. ಮೇಲಿನ ಕೈ ಹಿಡಿಯ ಹಿಂದಕ್ಕೆ ತಿರುಗಿರುತ್ತಿತ್ತು. ಅದರಿಂದ ಬ್ಯಾಟಿನ ಮುಖ ಕೊಂಚ ಮುಚ್ಚಿಕೊಂಡು ಪುಲ್ ಮಾಡಿದ ಚೆಂಡು ನೆಲಕ್ಕಂಟಿ ಹೋಗುತ್ತಿತ್ತು. ಹಾಗೆಂದು ಎಲ್ಲರೂ ತನ್ನಂತೆಯೇ ಹಿಡಿಯಿರಿ ಎಂದು ಅವನು ಎಲ್ಲೂ ಹೇಳುವುದಿಲ್ಲ. ಎಳೆಯ ಆಟಗಾರನ ಸಹಜ ಹಿಡಿತದಿಂದ ತೊಂದರೆಯಾಗುತ್ತಿಲ್ಲವಾದರೆ ಅದನ್ನು ಕೆಣಕಬೇಡಿ ಎಂಬುದೇ ಅವನ ವಾದ. ಬ್ಯಾಟ್ ಎತ್ತುವುದಂತೂ ಎರಡನೇ ಸ್ಲಿಪ್ಪಿನ ದಿಕ್ಕಿಗೆ. ಬ್ಯಾಟ್ ವಿಕೆಟ್ ಕೀಪರ್ ಕಡೆಗೆ ನೇರ ಹೋಗಬೇಕೆಂದು ಗದರುವ ಶಾಲೆಯವರು ಈ ಪುಟ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾರೋ ಏನೋ.

ಆ ಶಾಲೆಯ ಜೊತೆ ನನ್ನ ಜಗಳ ಹಳೆಯದು. ನಮ್ಮ ಬಡಾವಣೆಯ ಹತ್ತಿರದ ಒಂದು ಅಕಾಡೆಮಿಯಲ್ಲಿ ಲೆಗ್ ಸ್ಪಿನ್ ಹಾಕುತ್ತಿದ್ದ ಹುಡುಗನೊಬ್ಬನಿದ್ದ. ಚೆಂಡು ಅವನ ಬೆರಳುಗಳಿಂದ ವಿಚಿತ್ರವಾಗಿ ಹೊರಡುತ್ತಿತ್ತು, ಬಿದ್ದಲ್ಲಿ ಹಾವಿನಂತೆ ತಲೆಯೆತ್ತುತ್ತಿತ್ತು. ಅವನ ಹಿಡಿತ ‘ಸರಿಪಡಿಸಿದರು’. ಈಗ ಅವನು ಎಲ್ಲರಂತೆ ಆಫ್ ಸ್ಪಿನ್ ಹಾಕುತ್ತಾನೆ, ಮೇಲಾಗಿ ಇಪ್ಪತ್ತು ಓವರಿನ ಆಟಕ್ಕೆ ಬೇಕಾದ ಚಪ್ಪಟೆ ಆಫ್ ಸ್ಪಿನ್. ಕೋಚ್‌ಗಳು ಸಿಟ್ಟಾಗಬೇಡಿ. ಆಗುವುದಿದ್ದರೆ ಆಸ್ಟ್ರೇಲಿಯದ ಲೆಗ್ ಸ್ಪಿನ್ನರ್ ಬಿಲ್ ಓರೈಲಿಯ ಕಥೆ ಕೇಳಿ ಆಮೇಲೆ ಆಗಿ.

ಬೌರಲ್‌ಗೆ ಹೋದವರು ಬ್ರಾಡ್ಮನ್‌ನನ್ನು ನೋಡಿ ಬರುತ್ತಾರೆ. ಈ ಊರಿನ ಅತಿ ಚಂದದ ಕಥೆಯಲ್ಲಿ ಮಾತ್ರ ಅರ್ಧ ಪಾಲು ಓರೈಲಿಯದು. 1925ರ ಡಿಸೆಂಬರ್. ಸಿಡ್ನಿಯಲ್ಲಿ ಶಿಕ್ಷಕ ತರಬೇತಿಯಲ್ಲಿದ್ದ ಓರೈಲಿ ರಜೆಗೆಂದು ರೈಲಿನಲ್ಲಿ ತನ್ನೂರು ವಿಂಜಲ್ಲೊಗೆ ಹೊರಟಿದ್ದ. ಬೌರಲ್ ನಿಲ್ದಾಣದಲ್ಲಿ ವಿಂಜಲ್ಲೊ ತಂಡದವರು ಅವನ ಹೆಸರು ಹಿಡಿದು ಕೂಗಿ ಕೆಳಗಿಳಿಸಿದರು. ಬಾ, ಇಲ್ಲೇ ಮ್ಯಾಚ್ ಇದೆ, ಬೌಲ್ ಮಾಡು. ಎದುರಿಗೆ ಹದಿನೇಳರ ಒಬ್ಬ ಪೀಚು ಹುಡುಗ. ಶುರುವಿನಲ್ಲೇ ಓರೈಲಿಯ ಬೌಲಿಂಗ್‌ನಲ್ಲಿ ಅವನ ಕ್ಯಾಚು ಎರಡು ಸಲ ಕೈಬಿಟ್ಟಿತು. ಸ್ಲಿಪ್ಪಿನಲ್ಲಿ ನಿಂತಿದ್ದವನು ಸ್ವತಃ ಕ್ಯಾಪ್ಟನ್. ಮೊದಲ ಕ್ಯಾಚ್ ಬಂದಾಗ ಅವನು ಪೈಪಿಗೆ ಬೆಂಕಿ ಹಚ್ಚುತ್ತಿದ್ದ! ದಿನ ಮುಗಿಯುವಾಗ ಹುಡುಗ 234, ನಾಟೌಟ್.

ಆಟ ಮುಂದುವರಿದದ್ದು ಮರು ಶನಿವಾರ. ಮೊದಲ ಚೆಂಡನ್ನೇ ಓರೈಲಿ ಹುಡುಗನ ಕಾಲ ಹಿಂದಿನಿಂದ ತಿರುಗಿಸಿ ಸ್ಟಂಪ್ ಎಗರಿಸಿದ.

ಆ ವಾರವಿಡೀ ಓರೈಲಿ ಏನು ಯೋಚಿಸಿದ್ದಿರಬೇಕು! 234 ಎಲ್ಲರ ಬಾಯಲ್ಲೂ ಉಳಿದಿದೆ, ಆ ಒಂದು ಚೆಂಡಿಗೆ ಅಂಥ ಭಾಗ್ಯವಿಲ್ಲ. ಮ್ಯೂಸಿಯಂಗಳ ಹಣೆಬರಹವೇ ಇದು. ಬ್ಯಾಟ್ ಗಾಜಿನ ಹಿಂದೆ ನಿಲ್ಲುತ್ತದೆ, ಅಂಕಿಗಳು ಗೋಡೆಗೇರುತ್ತವೆ. ಮಣಿಕಟ್ಟನ್ನು ಎಲ್ಲಿಡುತ್ತೀರಿ?

ಓರೈಲಿಯ ಹಿಡಿತವೂ ಪುಸ್ತಕದ್ದಲ್ಲ. ಬೆರಳು ಮಡಚಿ ಹಿಡಿಯುತ್ತಿದ್ದ ಚೆಂಡನ್ನು ಬೇರೆ ಥರ ಹಿಡಿ ಎಂದು ದೊಡ್ಡ ಸ್ಪಿನ್ನರ್ ಆರ್ಥರ್ ಮೈಲಿಯೇ ಹೇಳಿದ. ಓರೈಲಿ ಒಪ್ಪಲಿಲ್ಲ. ಒಪ್ಪದ ಕೈಗೆ 27 ಟೆಸ್ಟುಗಳಲ್ಲಿ 144 ವಿಕೆಟ್ ಬಂದವು. ತಾನು ಕಂಡ ಬೌಲರ್‌ಗಳಲ್ಲೆಲ್ಲ ಶ್ರೇಷ್ಠ ಇವನೇ ಎಂದದ್ದು ಬ್ರಾಡ್ಮನ್. ಇಬ್ಬರಿಗೂ ಅಷ್ಟಕ್ಕಷ್ಟೇ ಎಂಬುದು ನೆನಪಿರಲಿ. 1948ರಲ್ಲಿ ಲಂಡನ್ನಿನ ಓವಲ್‌ನಲ್ಲಿ ಇಂಗ್ಲೆಂಡಿನ ಲೆಗ್ ಸ್ಪಿನ್ನರ್ ಹಾಲೀಸ್‌ನ ಗೂಗ್ಲಿಗೆ ಬ್ರಾಡ್ಮನ್ ಸೊನ್ನೆಗೆ ಹೋದಾಗ ಪತ್ರಕರ್ತರ ಪೆಟ್ಟಿಗೆಯಲ್ಲಿ ಓರೈಲಿಯೂ ಜ್ಯಾಕ್ ಫಿಂಗಲ್ಟನ್ನೂ ಬಿದ್ದು ಬಿದ್ದು ನಕ್ಕರಂತೆ. ನಗುವಿನಲ್ಲಿ ಹೊಟ್ಟೆಕಿಚ್ಚು ಎಷ್ಟು, ಲೆಗ್ ಸ್ಪಿನ್ನರನ ಜಾತ್ಯಭಿಮಾನ ಎಷ್ಟು ಎಂದು ಅಳೆಯುವವರು ಯಾರು? ಆಮೇಲೆ ದಶಕಗಳ ಕಾಲ ಸಿಡ್ನಿಯ ಪತ್ರಿಕೆಗೆ ಬರೆದು, ಒಂದು ದಿನದ ಕ್ರಿಕೆಟನ್ನು ಬೈದು ಬೈದು, 1988ರಲ್ಲಿ ಪೆನ್ನು ಕೆಳಗಿಟ್ಟ. ಅಂಕಣಕಾರನೆಂದರೆ ಹಾಗಿರಬೇಕು.

ಇಷ್ಟು ಹೊತ್ತಿಗೆ ಮೈಸೂರಿನ ಕಡೆಯವರಿಗೆ ನಾನು ಎತ್ತ ಹೊರಟಿದ್ದೇನೆಂದು ತಿಳಿದಿರುತ್ತದೆ. ವೇಗದ ಲೆಗ್ ಸ್ಪಿನ್, ಚುರುಕು ಗೂಗ್ಲಿ, ಪುಸ್ತಕಕ್ಕೆ ಒಗ್ಗದ ಕೈ: ಭಾಗವತ್ ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೊ ತಾಗಿ ಸೊರಗಿದ ಬಲಗೈಯಲ್ಲೇ ಬೌಲಿಂಗ್, ಫೀಲ್ಡಿಂಗ್‌ನಲ್ಲಿ ಎಸೆತ ಎಡಗೈಯಲ್ಲಿ. ಆ ಕೈಯನ್ನು ಯಾರೂ ತಿದ್ದಲು ಹೋಗಲಿಲ್ಲ. ಇವತ್ತಿನ ಆಯ್ಕೆ ಶಿಬಿರದಲ್ಲಾಗಿದ್ದರೆ ಆ ಹುಡುಗನನ್ನು ಮೊದಲ ಸಾಲಿನಲ್ಲೇ ಮನೆಗೆ ಕಳಿಸುತ್ತಿದ್ದರು ಎಂದು ನಾನು ಪಂಥ ಕಟ್ಟಬಲ್ಲೆ. 1977-78ರ ಮೆಲ್ಬರ್ನ್ ಟೆಸ್ಟ್‌ನಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ 6 ವಿಕೆಟ್. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಅದೇ ಪ್ರವಾಸದಲ್ಲಿ ಅವರ ಸೊನ್ನೆಗಳ ಗೌರವಾರ್ಥ ಗ್ರೇ-ನಿಕಲ್ಸ್ ಬ್ಯಾಟೊಂದನ್ನು ಕೊಟ್ಟರು, ನಟ್ಟನಡುವೆ ತೂತಿರುವ ಬ್ಯಾಟು! ಟೆಸ್ಟ್ ಜೀವನದಲ್ಲಿ 242 ವಿಕೆಟ್, 167 ರನ್. ಬೌಲರನ ಹೆಸರಿನಲ್ಲಿ ಗಾಜಿನ ಹಿಂದಿಡಬಹುದಾದ ವಸ್ತು ಜಗತ್ತಿನಲ್ಲಿ ಒಂದಿದ್ದರೆ ಅದು ಆ ತೂತಿನ ಬ್ಯಾಟೇ.

ಬೌರಲ್‌ನಿಂದ ಮುಂದೆ ಕ್ಯಾನ್‌ಬೆರಾ. 2011ರ ಡಿಸೆಂಬರ್‌ನಲ್ಲಿ ಅಲ್ಲಿನ ಯುದ್ಧ ಸ್ಮಾರಕದಲ್ಲಿ ನಮ್ಮ ದ್ರಾವಿಡ್ ಬ್ರಾಡ್ಮನ್ ಉಪನ್ಯಾಸ ಮಾಡಿದರು, ಆ ಗೌರವ ಪಡೆದ ಮೊದಲ ಆಸ್ಟ್ರೇಲಿಯೇತರ ವ್ಯಕ್ತಿ. ಎರಡು ದೇಶಗಳು ಕ್ರಿಕೆಟ್ ಆಡುವ ಮೊದಲೇ ಗಲಿಪೊಲಿಯಲ್ಲಿ ಒಂದೇ ಪಕ್ಷದಲ್ಲಿ ಕಾದಾಡಿದ್ದನ್ನು ನೆನಪಿಸಿದ ಭಾಷಣ. ಕಾರಿನಲ್ಲಿ ಅದನ್ನು ಹಾಕಿಸಿದೆ. ‘ಗೋಡೆ’ ಎಂಬ ದ್ರಾವಿಡ್‌ರ ಅಡ್ಡಹೆಸರು, ಟ್ಯಾಂಕಿನ ಕಟ್ಟೆ ಎಂದೆಲ್ಲ ಶ್ಲೇಷೆ ಮಾಡುವ ಆಸೆ ನನಗೂ ಆಯಿತು. ಆ ಶ್ಲೇಷೆ ಎಷ್ಟೋ ವರ್ಷದ ಹಿಂದೆ ಸವೆದುಹೋಗಿದೆ, ಬಿಡಿ.

ಕೊನೆಗೊಂದು ಕೋರಿಕೆ. ಬ್ರಾಡ್ಮನ್ ಬೌರಲ್ ತಂಡಕ್ಕೆ ಮೊದಲು ಸೇರಿದ್ದು ಸೋದರಮಾವನ ಕೈಕೆಳಗೆ, ಸ್ಕೋರ್ ಬರೆಯುವ ಹುಡುಗನಾಗಿ. ಹಳ್ಳಿಗಾಡಿನ ಆ ಆಟಗಳ ಲೆಕ್ಕವನ್ನು ಯಾರೋ ಬರೆದರು, ಯಾರೋ ಜೋಪಾನ ಮಾಡಿದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕ್ಲಬ್ಬುಗಳ ಹಳೆಯ ಸ್ಕೋರ್ ಪುಸ್ತಕಗಳು ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ನಾನೇ ಬಂದು ನೋಡುತ್ತೇನೆ.