ಏರುದಾರಿಯ ಜೋಡಿಸ್ಪರ್ಧೆ

ಹಿಮವಿಲ್ಲದ ತಿಂಗಳುಗಳಲ್ಲಿ ಸಾಧನೆ ಕುಂದದಿರಲೆಂದು ಸ್ಕೀ ಪಟುಗಳು, ಸುಮಾರು ಎರಡಡಿ ಉದ್ದದ ಪಟ್ಟಿಯ ಎರಡು ತುದಿಗಳಿಗೂ ರಬ್ಬರು ಗಾಲಿಗಳನ್ನು ಜೋಡಿಸಿ, ಅದನ್ನು ಬೂಟಿಗೆ ಸಿಕ್ಕಿಸಿಕೊಂಡು, ಎರಡು ಕೈಗಳಲ್ಲಿಯೂ ಕೋಲೂರುತ್ತ ಡಾಂಬರು ರಸ್ತೆಯ ಮೇಲೆ ನಡೆಸುವ ರೋಲರ್ ಸ್ಕೀ ಅಭ್ಯಾಸವನ್ನು ಓಟದೊಡನೆ ಕೂಡಿಸಿ ಒಂದೇ ಸ್ಪರ್ಧೆಯಾಗಿ ಏರ್ಪಡಿಸುವ ಪದ್ಧತಿ ನನಗೆ ಬಹು ಪ್ರಿಯವಾದುದು. ಪ್ರಿಯವಾದುದರಿಂದಲೇ ಅದರ ಗುಣದೋಷಗಳನ್ನು ನಿಷ್ಠುರವಾಗಿ ಪರೀಕ್ಷಿಸಬೇಕೆನಿಸುತ್ತದೆ. ಮುಖ್ಯವಾಗಿ ಕಾಲಿನ ಬಲವನ್ನು ನೆಚ್ಚಿದ ಓಟಕ್ಕೂ, ತೋಳು ಬೆನ್ನುಗಳನ್ನೂ ದುಡಿಸಿಕೊಳ್ಳುವ ರೋಲರ್ ಸ್ಕೀಗೂ ಸಮಾನವಾದ ಆಧಾರವೆಂದರೆ ಹೃದಯ ಶ್ವಾಸಕೋಶಗಳ ಶಕ್ತಿ. ಆ ಒಂದು ಶಕ್ತಿಯನ್ನು ಎರಡು ಬಗೆಯಲ್ಲಿ ಒರೆಗೆ ಹಚ್ಚುವುದರಲ್ಲಿಯೇ ಈ ಸಂಯೋಜನೆಯ ಸಾರ್ಥಕ್ಯವಿದೆ.

ಇದಕ್ಕೆ ತಕ್ಕ ನೆಲ ಏರುದಾರಿಯೊಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಮತಟ್ಟಿನಲ್ಲಿ ಗಾಲಿಯ ಉರುಳಾಟವೇ ಸ್ಕೀಪಟುವನ್ನು ಓಟಗಾರನಿಂದ ಬಹುದೂರ ಮುಂದಕ್ಕೊಯ್ಯುತ್ತದೆ. ಇಳಿಜಾರಿನಲ್ಲಿಯಾದರೋ, ಬಹುಪಾಲು ರೋಲರ್ ಸ್ಕೀಗಳಿಗೆ ಬ್ರೇಕೇ ಇಲ್ಲವಾದ್ದರಿಂದ, ವೇಗವೆಂಬುದು ಸಾಮರ್ಥ್ಯದ ಕುರುಹಾಗದೆ ಎದೆಗಾರಿಕೆಯ, ಒಮ್ಮೊಮ್ಮೆ ಅವಿವೇಕದ, ಕುರುಹಾಗಿಬಿಡುತ್ತದೆ. ಏರಿನಲ್ಲಿ ಇಬ್ಬರೂ ತಂತಮ್ಮ ದೇಹಭಾರವನ್ನು ತಾವೇ ಎತ್ತಿಕೊಂಡು ಹೋಗಬೇಕು. ಗಾಲಿಯ ಉಪಕಾರ ಅಲ್ಲಿ ಅತ್ಯಲ್ಪ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೈಟ್‌ಫೇಸ್ ಬೆಟ್ಟ ಇಂಥ ನೆಲಕ್ಕೆ ಉತ್ತಮ ನಿದರ್ಶನ. 1932ರಲ್ಲಿಯೂ 1980ರಲ್ಲಿಯೂ ಚಳಿಗಾಲದ ಒಲಿಂಪಿಕ್ಸಿಗೆ ಆತಿಥ್ಯವಿತ್ತ ಲೇಕ್ ಪ್ಲಾಸಿಡ್ ಊರಿಗೆ ಸಮೀಪದಲ್ಲಿ 4,867 ಅಡಿ ಎತ್ತರಕ್ಕೆ ನಿಂತಿರುವ ಈ ಬೆಟ್ಟದ ರಸ್ತೆಯನ್ನು 1935ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಲೋಕಾರ್ಪಣೆ ಮಾಡಿದರು. ಸುಂಕದ ಕಟ್ಟೆಯಿಂದ ಮೇಲಕ್ಕೆ ಐದು ಮೈಲಿ, ನೂರಕ್ಕೆ ಎಂಟರಷ್ಟು ಏರು, ಅಂದರೆ ಎರಡು ಸಾವಿರ ಅಡಿಗೂ ಮಿಕ್ಕ ಆರೋಹಣ. ರಸ್ತೆಗಾಗಿ ಒಡೆದ ಕಲ್ಲಿನಿಂದಲೇ ಮೇಲೆ ಕಟ್ಟಿರುವ ಕೋಟೆಯಾಕಾರದ ಕಟ್ಟಡದ ನೆನಪಿನಲ್ಲಿ 'ಕ್ಲೈಂಬ್ ಟು ದ ಕ್ಯಾಸಲ್' ಎಂಬ ರೋಲರ್ ಸ್ಕೀ ಸ್ಪರ್ಧೆ ಶರತ್ಕಾಲದಲ್ಲಿ ಇಲ್ಲಿ ನಡೆಯುತ್ತದೆ. ಇದೇ ಬೆಟ್ಟವನ್ನು ಇನ್ನೂ ಕೆಳಗಿನಿಂದ ಹತ್ತುವ ಓಟ ಬೇಸಗೆಯ ಮೊದಲಿನಲ್ಲಿ ಬೇರೆಯಾಗಿಯೇ ನಡೆಯುತ್ತದೆ. ತಿಂಗಳುಗಳ ಅಂತರದಲ್ಲಿರುವ ಇವೆರಡನ್ನು ಒಂದೇ ವಾರಾಂತ್ಯಕ್ಕೆ ತಂದು, ಒಂದೇ ಐದು ಮೈಲಿಯ ಮೇಲೆ ನಡೆಸಿದಲ್ಲಿ, ಜೋಡಿಸ್ಪರ್ಧೆಗೆ ಅದಕ್ಕಿಂತ ಮೇಲಾದ ಮಾದರಿಯನ್ನು ನಾನು ಕಲ್ಪಿಸಿಕೊಳ್ಳಲಾರೆ.

ಇಂಥ ಸ್ಪರ್ಧೆಗಳು ಕೆಡುವುದು ಹೆಚ್ಚಾಗಿ ಲೆಕ್ಕದಲ್ಲಿ. ಓಟಕ್ಕೆ ಒಂದು ಗಂಟೆಯೂ ಸ್ಕೀಗೆ ಅರ್ಧ ಗಂಟೆಯೂ ಹಿಡಿಯುವಂತೆ ದೂರಗಳನ್ನು ಗೊತ್ತುಮಾಡಿ ಎರಡರ ಕಾಲವನ್ನೂ ಸುಮ್ಮನೆ ಕೂಡಿಬಿಟ್ಟರೆ, ನೂರಕ್ಕೆ ಐದರಷ್ಟು ಹಿನ್ನಡೆ ಓಟದಲ್ಲಿ ಮೂರು ನಿಮಿಷದ ನಷ್ಟವಾದರೆ ಸ್ಕೀಯಲ್ಲಿ ಒಂದೂವರೆ ನಿಮಿಷದ್ದು ಮಾತ್ರವಾಗುತ್ತದೆ. ಹೆಸರಿಗೆ ಎರಡು ವಿದ್ಯೆಗಳ ಪರೀಕ್ಷೆ, ಫಲದಲ್ಲಿ ಓಟದ್ದೇ ದೊರೆತನ. ಆದುದರಿಂದ ದೂರವನ್ನು ಮೈಲಿಯಿಂದಲ್ಲ, ಹಿಡಿಯುವ ಕಾಲದಿಂದ ಅಳೆಯತಕ್ಕದ್ದು. ನಾರ್ವೆಯ ಗುಂಡರ್ ಗುಂಡರ್‌ಸನ್ನರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕ್ರಮ, ಅಂದರೆ ಮೊದಲ ಸುತ್ತಿನ ಅಂತರಕ್ಕೆ ಸರಿಯಾಗಿ ಎರಡನೆಯ ಸುತ್ತಿನಲ್ಲಿ ಒಬ್ಬೊಬ್ಬರನ್ನೇ ತಡವಾಗಿ ಬಿಡುವುದು, ಈ ಅನ್ಯಾಯವನ್ನು ತೊಡೆಯಲಾರದು. ಆದರೂ ಮೊದಲು ಗೆರೆ ದಾಟಿದವನೇ ಗೆದ್ದವನೆಂಬುದು ರಸ್ತೆಯ ಪಕ್ಕದಲ್ಲಿ ನಿಂತ ಮಗುವಿಗೂ ತಿಳಿಯುವುದರಿಂದ ನಾನು ಅದನ್ನು ಮೆಚ್ಚುತ್ತೇನೆ.

ಎರಡು ಸುತ್ತುಗಳ ನಡುವೆ ಬಿಡುವಿಲ್ಲದ ಸ್ಪರ್ಧೆಯಲ್ಲಿ ಮತ್ತೊಂದು ತೊಡಕು. ಸ್ಕೀಕೋಲಿನ ಪಟ್ಟಿ ಅಂಗೈಯನ್ನು ಸುತ್ತಿ ಹಿಡಿಯುವಂಥದು. ಹೆಬ್ಬೆರಳಿಗೆಂದು ಅದರಲ್ಲೊಂದು ಕಿಂಡಿಯಿರುತ್ತದೆ. ಓಡಿ ಬಂದವನ ಬೆವೆತ ಬೆರಳು ಆ ಕಿಂಡಿಯನ್ನು ಹುಡುಕಿ ತಡಕಾಡುತ್ತಿರುವಾಗ, ಒದ್ದೆ ಕಾಲುಚೀಲ ಬೂಟಿನೊಳಗೆ ಇಳಿಯದೆ ಮಡಿಚಿಕೊಳ್ಳುವಾಗ, ಅರ್ಧ ನಿಮಿಷ ಅನಾಯಾಸವಾಗಿ ಕಳೆದುಹೋಗುತ್ತದೆ. 1980ರಲ್ಲಿ ಇದೇ ಲೇಕ್ ಪ್ಲಾಸಿಡ್‌ನಲ್ಲಿ ಹದಿನೈದು ಕಿಲೋಮೀಟರಿನ ಸ್ಕೀ ಸ್ಪರ್ಧೆಯನ್ನು ಸ್ವೀಡನ್ನಿನ ಥಾಮಸ್ ವಾಸ್‌ಬರ್ಗ್ ಫಿನ್ಲೆಂಡಿನ ಯೂಹಾ ಮಿಯೆಟೊ ವಿರುದ್ಧ ಗೆದ್ದುದು ಸೆಕೆಂಡಿನ ನೂರರಲ್ಲೊಂದಂಶದಿಂದ. ಅಷ್ಟು ಸೂಕ್ಷ್ಮವಾದ ಅಳತೆ ಸಲ್ಲದೆಂದು ಆಮೇಲೆ ಹತ್ತರಲ್ಲೊಂದಂಶಕ್ಕೇ ನಿಲ್ಲಿಸಿದರು. ಕಾಲದ ವಿಷಯದಲ್ಲಿ ಇಷ್ಟು ನ್ಯಾಯಪರವಾದ ಕ್ರೀಡೆಯಲ್ಲಿ ಬೂಟು ತೊಡುವ ಚಾತುರ್ಯ ಪದಕವನ್ನು ನಿರ್ಣಯಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಅವಧಿಯನ್ನು ಬೇರೆಯಾಗಿ ಗುರುತಿಸಿ ಒಟ್ಟು ಕಾಲದಿಂದ ಕಳೆಯುವುದೇ ಸರಿ.

ಕೊನೆಯದಾಗಿ ಇಳಿಯುವ ಮಾತು. ಗಾಲಿ ಕಟ್ಟಿಕೊಂಡು ಕೆಳಗಿಳಿಯಲು ಯಾರನ್ನೂ ಬಿಡತಕ್ಕದ್ದಲ್ಲ; ಬೆಚ್ಚನೆಯ ಉಡುಪಿನ ಚೀಲಗಳು ಸ್ಪರ್ಧಿಗಳಿಗಿಂತ ಮೊದಲೇ ಶಿಖರವನ್ನು ಸೇರಿರಬೇಕು, ವಾಹನಗಳು ಸಾಲಾಗಿ ಕಾದಿರಬೇಕು. ಮುಂಚೆ ಬಂದವರನ್ನು ಮೊದಲು ಕರೆದೊಯ್ದು, ಕೊನೆಯವರನ್ನು ಬೆವರಿನಲ್ಲಿ ತೊಯ್ದ ಅಂಗಿಯೊಡನೆ ಬೆಟ್ಟದ ಗಾಳಿಗೆ ನಿಲ್ಲಿಸುವ ವ್ಯವಸ್ಥೆ ಎಷ್ಟು ಚೆನ್ನಾಗಿ ಕಾಲವನ್ನು ಅಳೆದಿದ್ದರೂ ದುರ್ವ್ಯವಸ್ಥೆಯೇ. ಪಾರಿತೋಷಕಗಳಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಇನ್ನೊಂದು ವಾಹನದ ಬಾಡಿಗೆಗೆ ತೆಗೆದಿರಿಸಬೇಕೆಂದು ಏರ್ಪಾಡಿನ ಮೊದಲ ಸಭೆಯಲ್ಲಿಯೇ ನಿಶ್ಚಯವಾಗಬೇಕು.