ಹೊರಟವರ ಕತೆ, ನಮ್ಮ ಮೇಲಿನ ಋಣ

ಬ್ಯಾಂಕಿನ ವರ್ಗಾವಣೆಯಿಂದ ಮುಂಬಯಿಗೆ ಬಂದು ಮೂರು ದಶಕ ದಾಟಿದರೂ ‘ನಾವು ಪರಊರಿನವರು, ನಮ್ಮನ್ನು ಕೇಳೋರಿಲ್ಲ’ ಎಂಬ ಹಳೇ ರಾಗವನ್ನು ನಾನು ಬಿಟ್ಟಿರಲಿಲ್ಲ. ಇಸಬೆಲ್ ವಿಲ್ಕರ್ಸನ್ ಅವರ ‘ದಿ ವಾರ್ಮ್ತ್ ಆಫ್ ಅದರ್ ಸನ್ಸ್’ (2010) ಓದಿದ ಮೇಲೆ ಆ ರಾಗ ಸ್ವಲ್ಪ ತಗ್ಗಿದೆ.

1915ರಿಂದ 1970ರವರೆಗೆ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಸುಮಾರು 60 ಲಕ್ಷ ಕಪ್ಪು ಜನರು ಉತ್ತರಕ್ಕೂ ಪಶ್ಚಿಮಕ್ಕೂ ವಲಸೆ ಹೋದರು. ಲೇಖಕಿ 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಕೊನೆಗೆ ಮೂವರನ್ನು ಆರಿಸಿಕೊಂಡಿದ್ದಾರೆ. ಮಿಸಿಸಿಪ್ಪಿಯ ಹತ್ತಿ ಹೊಲದಿಂದ 1937ರಲ್ಲಿ ಹೊರಟು ಶಿಕಾಗೊ ಸೇರಿದ ಐಡಾ ಮೇ. ಕಿತ್ತಳೆ ಕೀಳುವವರಿಗೆ ಹೆಚ್ಚು ಕೂಲಿ ಕೇಳಿದ್ದಕ್ಕೆ ಜೀವಭಯದಿಂದ 1945ರಲ್ಲಿ ಫ್ಲಾರಿಡಾ ಬಿಟ್ಟು ನ್ಯೂಯಾರ್ಕಿಗೆ ಓಡಿದ ಜಾರ್ಜ್ ಸ್ಟಾರ್ಲಿಂಗ್. ಸರ್ಜನ್ ಆಗಿದ್ದೂ ತನ್ನೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವಂತಿಲ್ಲದೆ 1953ರಲ್ಲಿ ಲೂಯಿಸಿಯಾನಾದಿಂದ ಕ್ಯಾಲಿಫೋರ್ನಿಯಾಕ್ಕೆ ಕಾರು ಹತ್ತಿದ ರಾಬರ್ಟ್ ಫಾಸ್ಟರ್.

ಐಡಾ ಮೇ ಮನೆಯವರು ಊರು ಬಿಟ್ಟದ್ದೇಕೆ? ಟರ್ಕಿ ಕೋಳಿ ಕದ್ದನೆಂಬ ಅನುಮಾನದ ಮೇಲೆ ಆಕೆಯ ಗಂಡನ ಸಂಬಂಧಿಯನ್ನು ಸಾಯುವ ಹಾಗೆ ಹೊಡೆದರು. ಕೋಳಿಗಳು ಆಮೇಲೆ ತಾವಾಗಿಯೇ ಮರಳಿ ಬಂದವು! ದಕ್ಷಿಣವನ್ನು ದಾಟಿ ಬಂದೆನೆಂದು ನಿಟ್ಟುಸಿರು ಬಿಟ್ಟ ಫಾಸ್ಟರ್‌ಗೆ ಅರಿಜೋನಾದ ರಾತ್ರಿಯಲ್ಲಿ ಒಂದಾದ ಮೇಲೊಂದು ಮೋಟೆಲಿನವರು ಕೋಣೆ ಕೊಡಲಿಲ್ಲ. ಈ ಪುಟಗಳನ್ನು ಓದುವಾಗ ನನಗೆ ನಾಚಿಕೆಯಾಯಿತು. ನಾನು ಬಂದದ್ದು ಆದೇಶದ ಪತ್ರ ಹಿಡಿದು, ಟಿ.ಎ. ಬಿಲ್ಲು ಬರೆದು. ನಮ್ಮದೂ ವಲಸೆಯೇ, ಅವರದೂ ವಲಸೆಯೇ ಎಂದು ಒಂದೇ ತಕ್ಕಡಿಗೆ ಹಾಕಬಾರದು.

ಪುಸ್ತಕದ ದೊಡ್ಡ ಗುಣ ಇದು: ಊರು ಬಿಡುವುದನ್ನು ಅದು ಸೋಲೆಂದು ನೋಡುವುದಿಲ್ಲ. ಮತ ಹಾಕುವ ಹಕ್ಕನ್ನೇ ತಡೆದಿದ್ದ ಕಡೆಯಿಂದ ಎದ್ದು ಹೋಗುವುದೇ ಅವರ ಮತವಾಗಿತ್ತು. ದೋಷವೂ ಇದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದರಿಂದ ಗ್ರಂಥ ದಪ್ಪವಾಗಿದೆ. ಇವರು ವಿದೇಶದಿಂದ ಬಂದ ವಲಸಿಗರ ಹಾಗೆಯೇ ಬದುಕಿದರು, ಆದರೆ ಹುಟ್ಟಿನಿಂದಲೇ ಆ ನೆಲದವರು ಎಂದು ಲೇಖಕಿ ಚೆನ್ನಾಗಿ ತೋರಿಸುತ್ತಾರೆ. ಆದರೆ ಇವರ ಹೋರಾಟದಿಂದ ವಿದೇಶಿ ವಲಸಿಗರಿಗೆ ಏನು ಸಿಕ್ಕಿತು ಎಂಬ ಲೆಕ್ಕಕ್ಕೆ ಸಾಕಷ್ಟು ಜಾಗ ಕೊಟ್ಟಿಲ್ಲ.

ಆ ಲೆಕ್ಕ ಹೀಗಿದೆ. ಕಪ್ಪು ಜನ ಪ್ರಜೆಗಳಾಗಲಾರರು ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ಅಳಿಸಲು 1868ರಲ್ಲಿ ಬಂದ 14ನೇ ತಿದ್ದುಪಡಿ, ಆ ನೆಲದಲ್ಲಿ ಹುಟ್ಟಿದವರು ಪ್ರಜೆಗಳು ಎಂದಿತು. ಬಿಡುಗಡೆಯಾದ ಗುಲಾಮರಿಗಾಗಿ ಬರೆದ ಆ ಮಾತೇ 1898ರಲ್ಲಿ ಚೀನೀ ದಂಪತಿಗಳ ಮಗ ವಾಂಗ್ ಕಿಮ್ ಆರ್ಕ್‌ನನ್ನು ಕಾಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರಿಗೆ ‘ನೀವು ಬಿಳಿಯರಲ್ಲ’ ಎಂದು ಪೌರತ್ವ ನಿರಾಕರಿಸಿದ ದೇಶ, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಮರುವರ್ಷವೇ ವಲಸೆ ಕಾನೂನಿನ ದೇಶವಾರು ಕೋಟಾ ತೆಗೆದುಹಾಕಲು ಒಪ್ಪಿತು. ನಮ್ಮವರು ಅಲ್ಲಿಗೆ ಸಾಲುಗಟ್ಟಿದ್ದು ಆಮೇಲೆ.

ನನ್ನ ಮೊಮ್ಮಗಳು ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, ಅಪ್ಪ ಅಮ್ಮ ಇಬ್ಬರೂ ತಾತ್ಕಾಲಿಕ ವೀಸಾದಲ್ಲಿದ್ದಾಗ. 2025ರ ಜನವರಿಯಲ್ಲಿ, ಅಂಥ ತಂದೆತಾಯಿಗೆ ಇನ್ನು ಮುಂದೆ ಹುಟ್ಟುವ ಮಕ್ಕಳಿಗೆ ಪೌರತ್ವ ಇಲ್ಲವೆಂದು ಅಧ್ಯಕ್ಷರ ಆದೇಶ ಹೊರಟಿತು. ತಕ್ಷಣ ಕೋರ್ಟಿಗೆ ಹೋದವರು ಹಿಡಿದದ್ದು ಅದೇ 14ನೇ ತಿದ್ದುಪಡಿಯನ್ನು. ಆದೇಶ ಮೊಮ್ಮಗಳಿಗೆ ತಟ್ಟುವಂಥದ್ದಲ್ಲ. ಆದರೂ ಅವತ್ತು ಮಗಳ ದನಿ ಫೋನಿನಲ್ಲಿ ನಡುಗುತ್ತಿತ್ತು.

ಒಮ್ಮೆ ಅಲ್ಲಿಗೆ ಹೋಗಿದ್ದಾಗ ವಾಕಿಂಗ್ ಹೊರಟ ನನ್ನನ್ನು ಅಳಿಯಂದಿರು ತಡೆದಿದ್ದರು: “ಆ ಕಡೆ ಬೇಡಿ ಮಾವ, ಕರಿಯರು ಜಾಸ್ತಿ.” ನಾನೂ ಸುಮ್ಮನೆ ತಲೆಯಾಡಿಸಿ ಈ ಕಡೆ ತಿರುಗಿದ್ದೆ. ಮಗುವಿನ ಪಾಸ್‌ಪೋರ್ಟು ಯಾರ ಹೋರಾಟದ ಫಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಸಾಲ ಪಡೆದವರು ಕೊಟ್ಟವರ ಗುರುತೇ ಇಲ್ಲ ಅಂದರೆ ಬ್ಯಾಂಕಿನಲ್ಲಿ ನಾನು ಸುಮ್ಮನಿರುತ್ತಿದ್ದೆನೇ? ಈ ಪುಸ್ತಕವನ್ನು ಅಳಿಯಂದಿರಿಗೆ ಕಳಿಸಿದ್ದೇನೆ. ಮುಂದಿನ ಸಲ ಹೋದಾಗ ಆ ಕಡೆಗೇ ವಾಕಿಂಗ್ ಹೋಗಬೇಕು ಅಂತಿದೆ.